ನಮ್ಮ ಓಣಿಯ ಹನ್ನೆರಡು ಗಂಡಂದಿರು

ಸೀರೆಗೆ ಫಾಲ್ ಹಚ್ಚುವ ನೀಲಿ ದಾರ ಮುಗಿದಿತ್ತು. ಹಳೆಯ ಟ್ರಂಕಿನಲ್ಲಿ ಒಂದೆರಡು ಉಂಡೆ ಇರಬಹುದೆಂದು ಅದನ್ನು ಅಟ್ಟದಿಂದ ಇಳಿಸಿ ಮುಚ್ಚಳ ತೆಗೆದೆ. ದಾರಕ್ಕಿಂತ ಮೊದಲು ವಾಸನೆ ಎದ್ದು ಬಂತು. ಕಮಟು ಹಿಡಿದ ಶೇಂಗಾ ಚಟ್ನಿಯ ವಾಸನೆ. ನಿಮಗೆ ಆ ವಾಸನೆ ಗೊತ್ತಿಲ್ಲದಿದ್ದರೆ ನಿಮ್ಮ ಮನೆಯಲ್ಲಿ ಚಟ್ನಿ ಉಳಿಯುವುದೇ ಇಲ್ಲ ಎಂದರ್ಥ, ಒಳ್ಳೆಯದೇ ಆಯಿತು. ಹಳೆಯ ಸೀರೆಗಳ ಕೆಳಗೆ ಕೈ ಹಾಕಿದರೆ ಬಿಳಿ ಬಟ್ಟೆಯ ಗಂಟೊಂದು ಸಿಕ್ಕಿತು. ನಾಲ್ಕೂ ಬದಿಗೆ ಒತ್ತೊತ್ತಾಗಿ ಹೊಲಿಗೆ. ಹೊಲಿದವಳು ನಾನೇ. ಮೇಲೆ ಒಂದು ಮೂಲೆಗೆ ‘ಇವರಿಂದ’ ಎಂದು ಬರೆದು ಕೆಳಗೆ ನಮ್ಮ ಬನಹಟ್ಟಿಯ ಮನೆಯ ವಿಳಾಸ. ನಟ್ಟನಡುವೆ ದೊಡ್ಡದಾಗಿ ‘ಇವರಿಗೆ’ ಎಂದು ಬರೆದಿದ್ದೆ. ಅದರ ಕೆಳಗೆ ಏನೂ ಇರಲಿಲ್ಲ.

ಎರಡು ವರ್ಷದ ಹಿಂದಿನ ಸಿಟ್ಟು ಒಮ್ಮೆಲೇ ನೆತ್ತಿಗೇರಿತು.

ನನಗೆ ಸಿಟ್ಟು ಬೇಗ ಬರುತ್ತದೆ, ತಡವಾಗಿ ಹೋಗುತ್ತದೆ. ನಮ್ಮನೆಯವರು ಇದನ್ನು ಬಂದ ಬೀಗರಿಗೆಲ್ಲ ಹೇಳುತ್ತಾರೆ, ಅದೂ ನಾನು ಚಹಾ ತಂದಿಡುವ ಹೊತ್ತಿಗೆ ಸರಿಯಾಗಿ. ಅವರ ಹೆಸರು ಇಲ್ಲಿ ಬರೆಯಲಾರೆ. ಬರೆಯಬಾರದೆಂದು ಯಾರೂ ತಡೆದಿಲ್ಲ. ಮದುವೆಯಾದಾಗಿನಿಂದ ಹೇಳದೆ ಹೇಳದೆ ನಾಲಿಗೆಯೂ ಕೈಯೂ ಆ ಕಡೆ ಹೊರಳುವುದನ್ನು ಮರೆತಿವೆ. ಈ ಹೆಸರಿನ ವಿಷಯಕ್ಕೆ ಆಮೇಲೆ ಬರುತ್ತೇನೆ, ಕೆಲಸ ಕೆಟ್ಟದ್ದೇ ಅಲ್ಲಿ.

ನಾನು ಕಂಪ್ಯೂಟರಿನಲ್ಲಿ ಕೋಡ್ ಬರೆಯುವುದನ್ನು ಕಲಿಯಲು ಹೋದ ಕಥೆ ಇದು. ಕೆಲಸಕ್ಕಾಗಿ ಅಲ್ಲ, ಬರೀ ಹವ್ಯಾಸಕ್ಕೆ. ನಮ್ಮನೆಯವರದು ನೂಲಿನ ವ್ಯಾಪಾರ. ಒಂದು ದೀಪಾವಳಿಗೆ ನೂಲು ಕೊಡುವವರು ಬಹುಮಾನದ ಚೀಟಿ ಎತ್ತಿದಾಗ ಇವರಿಗೆ ಲ್ಯಾಪ್‌ಟಾಪ್ ಬಂತು. ಅದನ್ನು ಪ್ಲಾಸ್ಟಿಕ್ ಹಾಳೆಯ ಸಮೇತ ದೇವರ ಮುಂದಿಟ್ಟು ಕುಂಕುಮ ಹಚ್ಚಿ, ಕಪಾಟಿನಲ್ಲಿ ಇಟ್ಟು ಮರೆತುಬಿಟ್ಟರು. ವರ್ಷವಾದ ಮೇಲೆ ಒಂದು ಮಧ್ಯಾಹ್ನ ನಾನು ತೆಗೆದೆ. ಕುಂಕುಮ ಈಗಲೂ ಅದರ ಒಂದು ಮೂಲೆಯಲ್ಲಿದೆ.

ನಾನು ಪಿಯುಸಿ ವಿಜ್ಞಾನ ಓದಿದವಳು. ಗಲಗಲಿಯಿಂದ ಜಮಖಂಡಿಗೆ ಎರಡು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದೆ. ಗಣಿತದಲ್ಲಿ ಕಾಲೇಜಿಗೇ ಹೆಚ್ಚು ಅಂಕ ಬಂದ ವಾರವೇ ಬನಹಟ್ಟಿಯವರು ನೋಡಲು ಬಂದರು. ‘ಹುಡುಗಿ ಶಾಣ್ಯಾ ಅದಾಳ’ ಎಂದು ಅಪ್ಪ ಹೆಮ್ಮೆಯಿಂದ ಅಂಕಪಟ್ಟಿ ತೋರಿಸಿದ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಿದರು. ಬರುತ್ತಿತ್ತು. ಅಲ್ಲಿಗೆ ಗಣಿತ ಮುಗಿಯಿತು.

“ಇದರಿಂದ ಏನ್ ಬರತೈತಿ?” ಎಂದು ನಮ್ಮನೆಯವರು ಲ್ಯಾಪ್‌ಟಾಪ್ ಮುಂದೆ ನನ್ನನ್ನು ಕಂಡ ಮೊದಲ ದಿನವೇ ಕೇಳಿದರು.

“ಏನೂ ಬರೂದಿಲ್ರಿ.”

“ಮತ್ತ್ಯಾಕ?”

“ನೀವು ದಿನಾ ಕಟ್ಟಿ ಮ್ಯಾಲ ಕುಂತ ಇಸ್ಪೇಟ ಆಡ್ತೀರಲ್ರಿ, ಅದರಿಂದ ಏನ್ ಬರತೈತಿ?”

ಅವರು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಗಂಡಸರ ಆಟಕ್ಕೆ ಕಾರಣ ಬೇಕಿಲ್ಲ, ಹೆಂಗಸು ಏನಾದರೂ ಕಲಿತರೆ ಅದರಿಂದ ಹಪ್ಪಳವಾದರೂ ಹುಟ್ಟಬೇಕು.

ಕಲಿಸುವ ವಿಡಿಯೋಗಳ ಬಗ್ಗೆ ಎರಡು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅಲ್ಲಿ ಕಲಿಸುವವರೆಲ್ಲ ಹರೆಯದವರು, ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಒಂದೇ ಉಸಿರಿಗೆ ಮಾತಾಡುವವರು. ಪ್ರತಿ ಎರಡು ನಿಮಿಷಕ್ಕೆ ‘ಇದು ಬಹಳ ಸುಲಭ’ ಎನ್ನುತ್ತಾರೆ. ನನಗೆ ಬರದ ಪ್ರತಿಯೊಂದೂ ಸುಲಭವಾದದ್ದೇ ಆಗಿತ್ತು. ಅಲ್ಲದೆ ಎಲ್ಲರೂ ಮೊದಲ ಪಾಠಕ್ಕೆ ಮಾಡಿಸುವುದು ಒಂದೇ: ಇವತ್ತು ಮಾಡಬೇಕಾದ ಕೆಲಸಗಳ ಪಟ್ಟಿ. ಕೆಲಸ ಬರೆಯುವುದು, ಮುಗಿದಾಗ ಅದರ ಮೇಲೆ ಗೆರೆ ಎಳೆಯುವುದು. ಬೆಳಗಿನ ಐದಕ್ಕೆದ್ದು ನೀರು ಹಿಡಿದು, ಕಸ ಹೊಡೆದು, ಅಡುಗೆ ಮಾಡಿ, ಬೇರೆಯವರ ಸೀರೆಗೆ ಫಾಲ್ ಹಚ್ಚಿ ಬಂದು ಕೂತವಳಿಗೆ ಇವರು ಕಲಿಸುವುದು ಕೆಲಸದ ಪಟ್ಟಿ ಮಾಡುವುದನ್ನು. ಮೂರು ವಿಡಿಯೋ ಹಾಗೆ ನೋಡಿ ನಾನು ಲ್ಯಾಪ್‌ಟಾಪ್ ಮುಚ್ಚಿದ ಸದ್ದಿಗೆ ಹೊರಗಿನ ಬೆಕ್ಕು ಓಡಿಹೋಯಿತು.

ಇನ್ನು ನಮ್ಮ ಓಣಿ. ನಮ್ಮ ಮನೆಯ ಎರಡೂ ಮಗ್ಗುಲಿಗೆ ಪಾವರ್‌ಲೂಮ್. ಕರೆಂಟ್ ಇದ್ದಷ್ಟು ಹೊತ್ತು ಮಗ್ಗಗಳ ಸದ್ದಿಗೆ ಗೋಡೆಯ ಮಾಡದಲ್ಲಿಟ್ಟ ಲೋಟ ನಡುಗುತ್ತದೆ, ವಿಡಿಯೋದವನ ಮಾತು ಕೇಳಿಸುವುದಿಲ್ಲ. ಕರೆಂಟ್ ಹೋಯಿತೋ, ಮಗ್ಗ ನಿಂತು ಕಿವಿಗೆ ಸುಖ, ಆದರೆ ನೆಟ್ಟೂ ಹೋಗುತ್ತದೆ. ಹೀಗಾಗಿ ನಾನು ಕೋಡ್ ಕಲಿತದ್ದು ಮೂಕಿ ಚಿತ್ರ ನೋಡಿದ ಹಾಗೆ. ಅವನು ಏನು ಹೇಳಿದ ಎಂಬುದನ್ನು ಬಿಟ್ಟು, ಏನು ಬರೆದ ಎಂಬುದನ್ನಷ್ಟೇ ನೋಡಿ, ನಿಲ್ಲಿಸಿ, ನೋಟ್‌ಬುಕ್ಕಿಗೆ ಇಳಿಸಿಕೊಂಡು, ಆಮೇಲೆ ಕೀಬೋರ್ಡಿನಲ್ಲಿ ನಾನು ಬಡಿಯುವುದು. ಅವನ ‘ಸುಲಭ’ ಕೇಳಿಸುವುದು ತಪ್ಪಿದ ಮೇಲೆ ಪಾಠ ಸ್ವಲ್ಪ ತಲೆಗೆ ಹೋಗತೊಡಗಿತು.

ಕೆಲಸದ ಪಟ್ಟಿ ಮಾಡಲಾರೆ ಎಂದಮೇಲೆ ಬೇರೆ ಏನು ಮಾಡುವುದು? ಉತ್ತರ ಕೊಟ್ಟವಳು ಶಾಂತಕ್ಕ.

ಶಾಂತಕ್ಕ ನಮ್ಮ ಎದುರುಮನೆಯವಳು. ಬೆಳಿಗ್ಗೆ ಮಗ್ಗದ ಮನೆಯಲ್ಲಿ ನೂಲಿನ ಕಂಡಿಕೆ ಸುತ್ತುತ್ತಾಳೆ, ಮಧ್ಯಾಹ್ನ ಅಂಗಡಿಗಳಿಗೆ ಒಣಗಿಸಿದ ಕಟಕ ರೊಟ್ಟಿ ಬಡಿದು ಕೊಡುತ್ತಾಳೆ. ಅವಳಿಗೆ ಬರುವಷ್ಟು ಒಡಪು ಜಮಖಂಡಿ, ಮುಧೋಳ, ಬೀಳಗಿ ಮೂರೂ ಕಡೆ ಹುಡುಕಿದರೂ ಯಾರಿಗೂ ಬರಲಿಕ್ಕಿಲ್ಲ. ಒಡಪು ನಿಮಗೆ ಗೊತ್ತಿರಬೇಕು. ಹೆಂಡತಿ ಗಂಡನ ಹೆಸರನ್ನು ಬರಿದೇ ಹೇಳುವಂತಿಲ್ಲ. ಮದುವೆಯಲ್ಲಿ, ಸೀಮಂತದಲ್ಲಿ ನಾಲ್ಕು ಜನರ ಮುಂದೆ ಪ್ರಾಸ ಕೂಡಿಸಿ, ಎರಡು ಸಾಲಿನ ಕೊನೆಗೆ ಅದನ್ನು ಜಾಣತನದಿಂದ ಸಿಗಿಸಿ ಹೇಳಬೇಕು. ಹೊಸ ಸೊಸೆಯಂದಿರು ನಾಚಿಕೊಂಡು ತಡವರಿಸುವಾಗ ಹಿಂದೆ ನಿಂತು ಕಿವಿಯಲ್ಲಿ ಹೇಳಿಕೊಡುತ್ತಿದ್ದವಳು ಶಾಂತಕ್ಕ. ಅವಳ ಸ್ವಂತದ್ದು ಹೀಗಿತ್ತು:

ಬಿಸಿ ರೊಟ್ಟಿ ಮ್ಯಾಲ ಬೆಣ್ಣಿ ಕಾಸಿದ ತುಪ್ಪ,
ಮಗ್ಗದ ಸಪ್ಪಳದಾಗೂ ನನ್ನ ದನಿ ಕೇಳವ್ರು ಮಲ್ಲಪ್ಪ.

ಮಲ್ಲಪ್ಪಣ್ಣ ಮಗ್ಗ ನಡೆಸುತ್ತಿದ್ದ. ಅವನು ತೀರಿಹೋದ ಮೇಲೆ ಶಾಂತಕ್ಕನನ್ನು ಸೀಮಂತಕ್ಕೆ ಕರೆಯುವುದು ನಿಂತಿತು. ತಪ್ಪು ಹೇಳಿದೆ, ಕರೆಯುತ್ತಾರೆ, ಅಡುಗೆಮನೆಗೆ. ಹಿಂದಿನ ಬಾಗಿಲಿನಿಂದ ಬಂದು ರೊಟ್ಟಿ ಬಡಿದು ಹಿಂದಿನ ಬಾಗಿಲಿನಿಂದ ಹೋಗಬೇಕು. ಪಡಸಾಲೆಯಲ್ಲಿ ಆರತಿ ನಡೆಯುವಾಗ ಹುಡುಗಿಯರು ಒಬ್ಬೊಬ್ಬರಾಗಿ ಒಳಗೆ ಬರುತ್ತಾರೆ, ‘ಅತ್ತಿ, ಒಂದು ಒಡಪು ಹೇಳ್ರಿ’ ಎಂದು ಅವಳ ಬಾಯಿಂದ ಕಿತ್ತುಕೊಂಡು ಹೊರಗೆ ಹೋಗಿ ಹೇಳಿ ಚಪ್ಪಾಳೆ ಹೊಡೆಸಿಕೊಳ್ಳುತ್ತಾರೆ. ಒಡಪು ಬೇಕು, ಒಡಪಿನವಳು ಬೇಡ. ನಾನು ಅದನ್ನು ಕಣ್ಣಾರೆ ಕಂಡು ಒಂದು ಸಲ ಪಡಸಾಲೆಯಲ್ಲಿ ಬಾಯಿ ಮಾಡಿದೆ. ಶಾಂತಕ್ಕ ಒಳಗಿನಿಂದಲೇ ಕೂಗಿದಳು: “ಸುಮ್ನಿರ ತಂಗಿ, ರೊಟ್ಟಿ ಹೊತ್ತತಾವ.”

ಅವಳೇ ಒಂದು ದಿನ ಲ್ಯಾಪ್‌ಟಾಪ್ ನೋಡಿ, “ನಿನ್ನ ಡಬ್ಬ್ಯಾಗ ನನ್ನ ಒಡಪ ಹಿಡಸ್ತಾವೇನ?” ಎಂದು ಕೇಳಿದಳು. ಹಿಡಿಸುತ್ತವೆ ಎಂದೆ. ಗಂಡನ ಹೆಸರು ಬರೆದು ಒಂದು ಗುಂಡಿ ಒತ್ತಿದರೆ ಅದಕ್ಕೆ ಪ್ರಾಸವಾಗುವ ಒಡಪು ಬರಬೇಕು, ಕೆಳಗೆ ‘ಹೇಳಿದವರು ಶಾಂತವ್ವ’ ಎಂದಿರಬೇಕು. ಇಷ್ಟೇ ನನ್ನ ಯೋಜನೆ. ಎರಡು ತಿಂಗಳು ಅವಳು ರೊಟ್ಟಿ ಬಡಿಯುತ್ತ ಹೇಳಿದಳು, ನಾನು ಲ್ಯಾಪ್‌ಟಾಪಿಗೆ ಬಡಿದುಕೊಂಡೆ. ಹೆಸರನ್ನು ಮಾತ್ರ ಚಂದ ಮಾಡಬೇಕೆಂದು, ಒಂದು ವಿಡಿಯೋದಲ್ಲಿ ಇಂಗ್ಲಿಷ್ ಹೆಸರಿಗೆ ಮಾಡಿದ ಹಾಗೆ, ಒಂದೊಂದು ಅಕ್ಷರವನ್ನು ಒಂದೊಂದು ಬಣ್ಣದ ಚೌಕದಲ್ಲಿ ಕೂರಿಸಿದೆ. ಮೊದಲು ಯಾರ ಹೆಸರು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಶಾಂತಕ್ಕ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದು ಕೂತಳು. ನಾನು ಮಲ್ಲಪ್ಪ ಎಂದು ಬರೆದು ಒತ್ತಿದೆ.

ಮೂರು ಅಕ್ಷರದ ಹೆಸರು ಏಳು ಚೂರಾಗಿ ಬಿತ್ತು. ಮ ಒಂದು ಕಡೆ, ಲ ಒಂದು ಕಡೆ, ಪ ಒಂದು ಕಡೆ. ನಡುನಡುವೆ ಎರಡು ಚೌಕದಲ್ಲಿ ಅಕ್ಷರವೇ ಇಲ್ಲ, ಚುಕ್ಕಿ ಚುಕ್ಕಿಯ ಉಂಗುರದ ತಲೆಯ ಮೇಲೆ ಒಂದು ಕೊಂಕು. ಕನ್ನಡದ ಒತ್ತಕ್ಷರವನ್ನು ಯಂತ್ರ ಒಂದು ಅಕ್ಷರವೆಂದು ತಿಳಿಯುವುದಿಲ್ಲ, ಬಿಡಿಸಿ ತುಂಡು ತುಂಡಾಗಿ ಎಣಿಸುತ್ತದೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಶಾಂತಕ್ಕ ಬಹಳ ಹೊತ್ತು ನೋಡಿದಳು. “ಅವ್ರನ್ನ ಯಾಕ ಹಿಂಗ ಚೂರ ಮಾಡಿ ಇಟ್ಟಿ?” ಎಂದಳು. ಸಿಟ್ಟಿನಿಂದ ಅಲ್ಲ, ಮೆಲ್ಲಗೆ.

“ರಿಪೇರಿ ಮಾಡ್ತೀನ್ರಿ ಅಕ್ಕಾ.”

“ಮಾಡು. ಕೂಡಿಸಿದಿ ಅಂದ್ರ ನನ್ನ ಕರಿ.”

ಆ ಮಾತು ಕೊಟ್ಟವಳು ನಾನು. ಇದನ್ನು ನೀವು ನೆನಪಿಡಿ, ನಾನಂತೂ ಮರೆತಿಲ್ಲ.

ರಿಪೇರಿಗೆಂದು ಒಂದು ವೇದಿಕೆಗೆ ಹೋದೆ. ಕೋಡ್ ಬರೆಯುವವರೆಲ್ಲ ಪ್ರಶ್ನೆ ಕೇಳುವ, ಉತ್ತರ ಹೇಳುವ ಜಾಗ. ಅನುವಾದದ ಆ್ಯಪ್ ಇಟ್ಟುಕೊಂಡು ಅರ್ಧ ದಿನ ಇಂಗ್ಲಿಷಿನಲ್ಲಿ ಪ್ರಶ್ನೆ ಬರೆದೆ. ಹತ್ತು ನಿಮಿಷದಲ್ಲಿ ಒಬ್ಬ ಅದನ್ನು ಮುಚ್ಚಿದ, ಈ ಪ್ರಶ್ನೆ ಹಿಂದೆಯೇ ಬಂದಿದೆ ಎಂದು. ಹೋಗಿ ನೋಡಿದರೆ ಅಲ್ಲಿರುವುದು ಇಂಗ್ಲಿಷಿನ ಹೆಸರು. ಮತ್ತೆ ಕೇಳಿದೆ. ಇನ್ನೊಬ್ಬ, ಮೊದಲು ಕೈಪಿಡಿ ಓದಿ ಬನ್ನಿ ಎಂದ. ಮೂರನೆಯವನು, ಹೆಸರನ್ನು ಇಂಗ್ಲಿಷಿನಲ್ಲೇ ಬರೆದರೆ ತೊಂದರೆ ಇಲ್ಲವಲ್ಲ ಎಂದು ಸಲಹೆ ಕೊಟ್ಟ. ಆ ಮನುಷ್ಯ ಯಾವ ದೇಶದವನೋ, ಅವನು ಸಿಕ್ಕಿದ್ದರೆ ನಾನು ಏನು ಮಾಡುತ್ತಿದ್ದೆ ಎಂದು ಇಲ್ಲಿ ಬರೆಯುವುದು ಬೇಡ.

ನಾಲ್ಕನೆಯದಾಗಿ ಬಂದವನು ಬೇರೆ ಥರದವನು. ಹೆಸರಿನ ಜಾಗದಲ್ಲಿ ನಾಲ್ಕು ಇಂಗ್ಲಿಷ್ ಅಕ್ಷರ, ಒಂದು ಅಂಕಿ; ಮುಖದ ಜಾಗದಲ್ಲಿ ನೀಲಿ ಹಕ್ಕಿಯ ಚಿತ್ರ. ಗಂಡಸೋ ಹೆಂಗಸೋ ಗೊತ್ತಿಲ್ಲ, ನಾನು ಅವನು ಎಂದುಕೊಂಡೆ. ಏನು ಬರಬೇಕಿತ್ತು, ಏನು ಬಂತು ಎಂದಷ್ಟೇ ಕೇಳಿದ. ತನಗೆ ಈ ಲಿಪಿ ಓದಲು ಬರುವುದಿಲ್ಲ, ಆದರೂ ನೋಡೋಣ ಎಂದ. ಸಿದ್ಧವಿದ್ದ ಒಂದು ಉಪಾಯ ಹಿಂದಿಯ ಹೆಸರಿಗೆ ಸರಿಹೋಯಿತು, ಕನ್ನಡದ್ದನ್ನು ಮತ್ತೆ ಒಡೆಯಿತು. ಇನ್ನಷ್ಟು ಹೆಸರು ಕೊಡಿ, ಪರೀಕ್ಷೆ ಮಾಡಬೇಕು ಎಂದ. ಒಡಪಿಗೆ ಬೇಕಾದದ್ದು ಗಂಡನ ಹೆಸರಲ್ಲವೇ? ನಾನು ನಮ್ಮ ಓಣಿಯ ಮನೆಮನೆಯ ಗಂಡಂದಿರನ್ನು ಸಾಲಾಗಿ ಬರೆದು ಕಳಿಸಿದೆ. ಮಲ್ಲಪ್ಪ, ಈರಣ್ಣ, ಚನ್ನಪ್ಪ, ಸಿದ್ರಾಮ, ಪರಪ್ಪ, ಬಸವರಾಜ, ಹೀಗೆ ಹನ್ನೊಂದು. ಹನ್ನೆರಡನೆಯದು ನಮ್ಮನೆಯವರದು. ಅದನ್ನು ಬರೆಯಲು ಕೈ ಏಳದೆ, ಕರೆಂಟ್ ಬಿಲ್ಲಿನ ಮೇಲಿದ್ದ ಹೆಸರಿನ ಫೋಟೋ ತೆಗೆದು ಹಚ್ಚಿದೆ. ಫೋಟೋದಿಂದ ಅಕ್ಷರ ಎತ್ತಿಕೊಳ್ಳುವ ಉಪಾಯ ಅವನಿಗೆ ಗೊತ್ತಿತ್ತು. ನಗಬೇಡಿ. ನಗುವುದಾದರೆ ನಮ್ಮನೆಯವರು ನಕ್ಕಷ್ಟೇ ನಗಿ, ಅವರು ಒಂದು ವಾರ ನಕ್ಕರು.

ಮೂರು ತಿಂಗಳು ಆ ಪರದೇಶದ ಪ್ರಾಣಿ ನಮ್ಮ ಓಣಿಯ ಗಂಡಂದಿರೊಡನೆ ಒದ್ದಾಡಿತು. ನಡುವೆ ನನಗೆ ಬರದ ಎಷ್ಟೋ ಮೂಲಪಾಠವನ್ನು ಒಂದು ಸಲವೂ ‘ಸುಲಭ’ ಎನ್ನದೆ ಹೇಳಿಕೊಟ್ಟಿತು. ಶಾಂತಕ್ಕ ಆಗಾಗ ಬಂದು ವಿಚಾರಿಸುತ್ತಿದ್ದಳು.

“ಅಂವಗ ಏನ್ ಕೊಟ್ಟಿ?”

“ಏನೂ ಇಲ್ರಿ, ಅಲ್ಲಿ ಹಂಗ ಹೇಳಿಕೊಡ್ತಾರ.”

“ಹಂಗ ಅಂದ್ರ? ಉಣ್ಣಾಕರ ಹಾಕಬೇಕಿಲ್ಲೋ? ಅವನ ಹೆಸರೇನ?”

“ಗೊತ್ತಿಲ್ರಿ. ಅಲ್ಲಿ ಹೆಸರು ಹೇಳೂದಿಲ್ಲ.”

“ಅವಂಗೂ ಒಡಪಿನಾಗ ಹೇಳ್ಬೇಕೇನ?” ಎಂದು ನಕ್ಕಳು. ಮರುದಿನವೇ ಐವತ್ತು ಕಟಕ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ತಂದಿಟ್ಟಳು. ಕಟಕ ರೊಟ್ಟಿ ಎಷ್ಟು ದೂರ ಹೋದರೂ ಕೆಡುವುದಿಲ್ಲ ಎಂಬುದು ಅವಳ ಧೈರ್ಯ.

ಅದು ನನಗೂ ಸರಿ ಎನಿಸಿತು. ನಮ್ಮ ಗಲಗಲಿಯಲ್ಲಿ ಕಳೆ ತೆಗೆಯಲು ಮುಯ್ಯಿಗೆ ಆಳು ಬರುತ್ತಿದ್ದರು. ಇವತ್ತು ಅವರು ನಮ್ಮ ಹೊಲಕ್ಕೆ, ನಾಳೆ ನಾವು ಅವರ ಹೊಲಕ್ಕೆ. ಬಂದವರಿಗೆ ಬುತ್ತಿ ನಮ್ಮದು. ಹೊಲದಲ್ಲಿ ಬಗ್ಗಿದವರನ್ನು ಉಣಿಸದೆ ಕಳಿಸಿದ ಮನೆಯ ಹೆಸರನ್ನು ಅವ್ವ ವರ್ಷಗಟ್ಟಲೆ ಆಡಿಕೊಳ್ಳುತ್ತಿದ್ದಳು. ನಾನು ರೊಟ್ಟಿಯನ್ನು ಕಾಗದದಲ್ಲಿ ಸುತ್ತಿ, ಬಿಳಿ ಬಟ್ಟೆಯಲ್ಲಿ ಇಟ್ಟು, ಎರಡೆಳೆ ದಾರದಲ್ಲಿ ಹೊಲಿದೆ. ಆಮೇಲೆ ವೇದಿಕೆಗೆ ಹೋಗಿ, ಎಲ್ಲರಿಗೂ ಕಾಣುವ ಹಾಗೆ, ನಿಮ್ಮ ನಿಜವಾದ ಹೆಸರು ಮತ್ತು ಮನೆಯ ವಿಳಾಸ ತಿಳಿಸಿ, ರೊಟ್ಟಿ ಕಳಿಸಬೇಕು ಎಂದು ಬರೆದೆ.

ಒಂದು ತಾಸಿನಲ್ಲಿ ನನ್ನ ಪ್ರಶ್ನೆಗೆ ಬೀಗ ಬಿತ್ತು. ಅಲ್ಲಿ ಕಾವಲು ಕಾಯುವವರು ನನ್ನ ಸಾಲುಗಳನ್ನು ಅಳಿಸಿ, ಕೆಳಗೆ ಬರೆದರು: ಬೇರೆಯವರ ಖಾಸಗಿ ವಿವರ ಕೇಳುವುದು ನಿಯಮಕ್ಕೆ ವಿರುದ್ಧ, ಈ ಖಾತೆಯನ್ನು ಏಳು ದಿನ ತಡೆಹಿಡಿಯಲಾಗಿದೆ. ಅದರ ಕೆಳಗೆ ಯಾವನೋ ಒಬ್ಬ ನಗುವ ಮುಖ ಅಂಟಿಸಿ, ರೊಟ್ಟಿಯ ಹೆಸರಿನಲ್ಲಿ ಹೊಸ ಮೋಸ ಶುರುವಾಗಿದೆ ಎಂದು ಬರೆದಿದ್ದ.

ಮೋಸ. ಐವತ್ತು ರೊಟ್ಟಿ ಬಡಿದ ಹೆಂಗಸು, ಅದನ್ನು ಹೊಲಿದ ಹೆಂಗಸು, ಮೋಸಗಾರರು. ನಿಯಮ ಯಾಕಿದೆ ಎಂದು ನನಗೂ ಗೊತ್ತು, ಹುಡುಗಿಯರ ವಿಳಾಸ ಕೇಳುವ ಪುಂಡರು ಎಲ್ಲ ಕಡೆ ಇದ್ದಾರೆ. ಆದರೆ ಕೇಳಿದವಳು ಯಾರು, ಯಾಕೆ ಕೇಳಿದಳು ಎಂದು ಒಂದು ಮಾತು ಕೇಳಬಹುದಿತ್ತಲ್ಲ? ನಾನು ಆ ದಿನ ಉಣ್ಣಲಿಲ್ಲ. ಏಳು ದಿನವಲ್ಲ, ಏಳು ಜನ್ಮ ಹೋದರೂ ಆ ಕಡೆ ಹೋಗುವುದಿಲ್ಲ ಎಂದು ಲ್ಯಾಪ್‌ಟಾಪನ್ನು ಕಪಾಟಿಗೆ ಹಾಕಿ ಬೀಗ ಹಾಕಿದೆ. ನಮ್ಮನೆಯವರು “ಆತಲ್ಲ, ಹುಚ್ಚ ಬಿಡ್ತು” ಎಂದರು. ಅವರೊಡನೆ ಮೂರು ದಿನ ಮಾತಾಡಲಿಲ್ಲ.

ಗಂಟನ್ನು ಏನು ಮಾಡುವುದು? ಶಾಂತಕ್ಕನಿಗೆ ಮರಳಿ ಕೊಟ್ಟರೆ ಆ ಮೋಸದ ಮಾತನ್ನು ಹೇಳಬೇಕು. ಟ್ರಂಕಿನ ತಳಕ್ಕೆ ಹಾಕಿದೆ. ಅವಳು ತಿಂಗಳ ಮೇಲೆ ಕೇಳಿದಳು: “ರೊಟ್ಟಿ ಮುಟ್ಟಿದವಾ? ಏನಂದ?”

“ಮುಟ್ಟಿದವಂತ್ರಿ. ಛಲೋ ಅದಾವ ಅಂದ.”

“ಚಟ್ನಿ ಖಾರ ಆತೇನೋ ಪಾಪ ಅವಂಗ.”

“ಇಲ್ರಿ, ಅದೂ ಛಲೋ ಐತಂತ.”

ಅವಳ ಮುಖ ಅರಳಿತು. ಮಲ್ಲಪ್ಪನ ಹೆಸರು ಕೂಡಿತೇ ಎಂದೂ ಒಂದು ಸಲ ಕೇಳಿದಳು. ಇನ್ನೂ ಇಲ್ಲ ಎಂದೆ. ಮತ್ತೆ ಕೇಳಲಿಲ್ಲ. ಅವಳು ಮತ್ತೆ ಕೇಳದೇ ಇದ್ದದ್ದು ನನ್ನನ್ನು ಇನ್ನಷ್ಟು ಸಿಟ್ಟಿಗೆಬ್ಬಿಸುತ್ತಿತ್ತು, ಯಾರ ಮೇಲೆ ಎಂದು ಮಾತ್ರ ತಿಳಿಯುತ್ತಿರಲಿಲ್ಲ. ಎದುರುಮನೆ ಬೇರೆ, ದಿನಾ ಮುಖ ನೋಡಬೇಕು.

ಇಷ್ಟೆಲ್ಲ ಇವತ್ತು ಆ ಕಮಟು ವಾಸನೆಯ ಜೊತೆಗೆ ಎದ್ದು ಬಂತು. ಗಂಟನ್ನು ಪಕ್ಕಕ್ಕೆ ಎಸೆದು, ಲ್ಯಾಪ್‌ಟಾಪ್ ತೆಗೆದು ಚಾರ್ಜಿಗೆ ಹಚ್ಚಿದೆ. ಆ ವೇದಿಕೆಯ ಮೇಲಿನ ನನ್ನ ಖಾತೆಯನ್ನು ಬೇರುಸಮೇತ ಅಳಿಸಬೇಕು, ಅಳಿಸುವ ಮುಂಚೆ ಕಾರಣ ಕೇಳುತ್ತಾರಲ್ಲ, ಅಲ್ಲಿ ನಾಲ್ಕು ಸಾಲು ಚೆನ್ನಾಗಿ ಬರೆಯಬೇಕು. ಆ ನಾಲ್ಕು ಸಾಲನ್ನು ಚಾರ್ಜ್ ಆಗುವಷ್ಟರಲ್ಲಿ ಮನಸ್ಸಿನಲ್ಲೇ ಹದಿನಾರು ಮಾಡಿಕೊಂಡೆ. ಪಾಸ್‌ವರ್ಡ್ ಎರಡು ಸಲ ತಪ್ಪಿ ಮೂರನೆಯ ಸಲ ಬಾಗಿಲು ತೆರೆಯಿತು. ಮೇಲ್ಗಡೆ ಗಂಟೆಯ ಗುರುತು, ಅದರ ಮೇಲೆ ಕೆಂಪು ಚುಕ್ಕೆ.

ನೀಲಿ ಹಕ್ಕಿ ತಾನೇ ಒಂದು ಹೊಸ ಪ್ರಶ್ನೆ ಹಾಕಿತ್ತು. ನನಗೆ ಬೀಗ ಬಿದ್ದ ಎರಡನೆಯ ವಾರದ್ದು. ‘ಕನ್ನಡ ಓದಬಲ್ಲವರು ಯಾರಾದರೂ ಇದ್ದೀರಾ? ಈ ಹನ್ನೆರಡು ಹೆಸರು ಕೊಟ್ಟವರು ಈಗ ಇಲ್ಲಿಗೆ ಬರುತ್ತಿಲ್ಲ.’ ಕೆಳಗೆ ನಮ್ಮ ಓಣಿಯ ಗಂಡಂದಿರು ಬಣ್ಣಬಣ್ಣದ ಚೌಕಗಳಲ್ಲಿ ಸಾಲಾಗಿ ಕೂತಿದ್ದರು. ಯಾರೂ ಉತ್ತರ ಕೊಟ್ಟಿರಲಿಲ್ಲ. ನಾಲ್ಕು ತಿಂಗಳ ಮೇಲೆ ಅವನದೇ ಇನ್ನೊಂದು ಬರಹ: ‘ಸ್ವಲ್ಪ ಸುಧಾರಿಸಿದೆ ಎನಿಸುತ್ತದೆ. ಆಕಾರ ನೋಡಿ ಊಹೆ ಮಾಡುತ್ತಿದ್ದೇನೆ. ಓದಬಲ್ಲವರು ಒಬ್ಬರು ಬೇಕು.’ ಅದಾದ ಮೇಲೆ ಇನ್ನೊಂದು. ಕೊನೆಯದು ಈ ವರ್ಷದ್ದು: ‘ಮುಗಿದಿದೆ ಎಂದು ನನಗನಿಸುತ್ತದೆ. ಸರಿಯೋ ತಪ್ಪೋ ಹೇಳುವವರು ಇಲ್ಲ. ಈ ಹೆಸರು ಕೊಟ್ಟವರ ಕೊನೆಯ ಮಾತನ್ನು ಅಳಿಸುವ ಮುಂಚೆ ನಾನು ಓದಿದ್ದೆ. ರೊಟ್ಟಿ ಹೇಗಿರುತ್ತದೆ ಎಂದು ಹುಡುಕಿ ನೋಡಿದೆ. ಅವರಿಗೆ ನನ್ನ ಧನ್ಯವಾದ.’

ಎರಡು ವರ್ಷ. ಮಗ್ಗದ ಸದ್ದು ಎಂದಿನಂತೆ ಇತ್ತು, ನನಗೆ ಅದೂ ಕೇಳಿಸಲಿಲ್ಲ.

ಮುಯ್ಯಿಯ ಲೆಕ್ಕವನ್ನೇ ನಾನು ತಪ್ಪು ತಿಳಿದಿದ್ದೆ. ಬುತ್ತಿ ಉಣಿಸಿದರೆ ಮುಯ್ಯಿ ತೀರುವುದಿಲ್ಲ, ಅದು ಆ ಹೊತ್ತಿನ ಮರ್ಯಾದೆ ಅಷ್ಟೆ. ಅವರ ಹೊಲದಿಂದ ಕರೆ ಬಂದ ದಿನ ಕಳೆ ತೆಗೆಯುವ ಕುರ್ಚಿಗೆಯನ್ನು ಹಿಡಿದುಕೊಂಡು ನೀನು ಹೋಗಬೇಕು. ಅವನ ಹೊಲದಲ್ಲಿ ಬೇಕಾಗಿದ್ದದ್ದು ಕನ್ನಡ ಓದಬಲ್ಲ ಎರಡು ಕಣ್ಣು. ನನ್ನ ಹತ್ತಿರ ಇದ್ದವು. ನಾನು ಅವನ್ನು ಕೆಂಪಗೆ ಮಾಡಿಕೊಂಡು ಮನೆಯಲ್ಲಿ ಕೂತಿದ್ದೆ. ನಾಲ್ಕು ಸಾಲು, ಹದಿನಾರು ಸಾಲು ಎಂದು ಕೂಡಿಟ್ಟ ಬೈಗುಳವೆಲ್ಲ ತಿರುಗಿ ನನ್ನ ಕಡೆಗೇ ನಿಂತಿತು.

ಅವನು ಬರೆದ ಕೋಡನ್ನು ನನ್ನ ಪುಟಕ್ಕೆ ಇಳಿಸಿಕೊಂಡು, ಗಂಟನ್ನೂ ಲ್ಯಾಪ್‌ಟಾಪನ್ನೂ ಎತ್ತಿಕೊಂಡು ಎದುರುಮನೆಗೆ ಹೋದೆ. ಶಾಂತಕ್ಕ ಒಲೆ ಮುಂದಿದ್ದಳು. ಎಲ್ಲ ಹೇಳಿದೆ. ಮೋಸ ಎಂದ ಮಾತನ್ನೂ, ಚಟ್ನಿ ಛಲೋ ಎಂಬ ನನ್ನ ಸುಳ್ಳನ್ನೂ, ಆ ಹಕ್ಕಿ ಕರೆಯುತ್ತಲೇ ಇದ್ದದ್ದನ್ನೂ. ಅವಳು ಹಂಚಿನ ಮೇಲಿನ ರೊಟ್ಟಿ ಇಳಿಸಿ, ಗಂಟನ್ನು ಮೂಸಿ ನೋಡಿ ದೂರ ಇಟ್ಟಳು.

“ರೊಟ್ಟಿ ಹಾಳಾದ್ವು, ಹೋಗ್ಲಿ. ನನಗ ಸುಳ್ಳ ಹೇಳಿದಿ, ಅದೂ ಹೋಗ್ಲಿ,” ಎಂದಳು. ದನಿ ಏರಿರಲಿಲ್ಲ, ಆದರೆ ಅವಳ ಸಿಟ್ಟನ್ನು ನಾನು ಮೊದಲ ಸಲ ನೋಡುತ್ತಿದ್ದೆ. “ಅಂವಾ ಎರಡ ವರ್ಷ ಕರದಾನ. ನೀ ಹೊಳ್ಳಿ ನೋಡಲಿಲ್ಲ. ಮಂದಿ ನನಗ ಹಿಂದಿನ ಬಾಗಿಲ್ಲೆ ಕರೀತಾರ ಅಂತ ಅವತ್ತ ಅಷ್ಟ ಬಾಯಿ ಮಾಡಿದಿ. ನೀ ಬಾಗಿಲಾನ ತಗೀಲಿಲ್ಲಲ್ಲ ಬೇ.”

ಲ್ಯಾಪ್‌ಟಾಪನ್ನು ಅವಳ ಮುಂದೆ ತೆರೆದಿಟ್ಟೆ. ಹೆಸರು ಬರೆದು ಒತ್ತಿದೆ.

ಮ. ಲ್ಲ. ಪ್ಪ. ಮೂರು ಚೌಕ, ಒಂದು ಹಳದಿ, ಒಂದು ಹಸಿರು, ಒಂದು ಕೆಂಪು. ಮೇಲೆ ಅವಳ ಒಡಪು.

ಶಾಂತಕ್ಕ ಹಿಟ್ಟಿನ ಕೈಯನ್ನು ಎತ್ತಿ ಹಿಡಿದುಕೊಂಡೇ ನೋಡಿದಳು. ಮೊದಲ ಸಾಲನ್ನು ಬಾಯಿಬಿಟ್ಟು ಹೇಳಿದಳು. ಎರಡನೆಯದು ಮಗ್ಗದ ಸಪ್ಪಳದಾಗೂ ಎಂಬಲ್ಲಿಂದ ಮುಂದೆ ಹೋಗಿ, ಹೆಸರಿನ ಹತ್ತಿರ ನಿಂತಿತು. ಅದನ್ನು ಅವಳು ಹೇಳಲಿಲ್ಲ. ಒಂದು ಬೆರಳಿನಿಂದ ಮೂರು ಚೌಕಗಳನ್ನೂ ಒಂದೊಂದಾಗಿ ಮುಟ್ಟಿದಳು. ಪರದೆಯ ಮೇಲೆ ಹಿಟ್ಟಿನ ಮೂರು ಗುರುತು ಬಿದ್ದವು.

“ಕೂಡಿಸ್ಯಾನ,” ಎಂದಳು. ಕಣ್ಣೊರೆಸಿಕೊಂಡು, “ಉಳಿದಾವ್ರನ್ನೂ ತೋರ್ಸು” ಎಂದಳು. ತೋರಿಸಿದೆ. ಹನ್ನೆರಡೂ ಸರಿ. ನಮ್ಮನೆಯವರು ಕೂಡ ಎಲ್ಲೂ ಬಿರುಕಿಲ್ಲದೆ ಕೂತಿದ್ದರು.

“ಎಲ್ಲಾ ಗಂಡಸೂರ ಆತು,” ಎಂದಳು ಶಾಂತಕ್ಕ. “ಈಗ ನಂದು ಹಾಕು.”

ಕೆಳಗೆ ‘ಹೇಳಿದವರು’ ಎಂಬಲ್ಲಿ ಅವಳ ಹೆಸರನ್ನೂ ಚೌಕದಲ್ಲಿ ಕೂರಿಸಬೇಕೆಂದು ನನಗೆ ಇಷ್ಟು ದಿನ ಹೊಳೆದೇ ಇರಲಿಲ್ಲ. ಶಾಂತವ್ವ ಎಂದು ಬರೆದು ಒತ್ತಿದೆ. ಶಾ ಒಂದು ಚೌಕದಲ್ಲಿ ಬಂತು. ಅದರ ಸೊನ್ನೆ ಕಿತ್ತುಕೊಂಡು ಬೇರೆ ಚೌಕದಲ್ಲಿ, ಆ ಹಳೆಯ ಚುಕ್ಕಿ ಉಂಗುರದ ಪಕ್ಕದಲ್ಲಿ ಬಂದು ಕೂತಿತು.

ನಾನು ಗಂಗವ್ವನನ್ನು ಹಾಕಿದೆ, ಒಡೆಯಿತು. ನಿಂಗವ್ವ, ಒಡೆಯಿತು. ತುಂಗವ್ವ, ಚಂದ್ರವ್ವ, ಒಡೆದವು. ನಮ್ಮ ಓಣಿಯ ಗಂಡಂದಿರಲ್ಲಿ ಒಬ್ಬ ನಿಂಗಪ್ಪನೂ ಇಲ್ಲ, ಶಂಕರನೂ ಇಲ್ಲ. ಹೀಗಾಗಿ ಆ ಹಕ್ಕಿ ಎರಡು ವರ್ಷದಲ್ಲಿ ಸೊನ್ನೆಯ ಮುಖವನ್ನೇ ಕಂಡಿರಲಿಲ್ಲ. ಅದರ ತಪ್ಪಲ್ಲ. ಒಡಪಿಗೆ ಗಂಡನ ಹೆಸರಷ್ಟೇ ಬೇಕು ಎಂದು ಪಟ್ಟಿ ಮಾಡಿ ಕೊಟ್ಟವಳು ಪಡಸಾಲೆಯಲ್ಲಿ ಬಾಯಿ ಮಾಡಿದ ನಾನೇ. ಅಡುಗೆಮನೆಯಲ್ಲಿ ಇರುವವರನ್ನು ನಾನೂ ಅಡುಗೆಮನೆಯಲ್ಲೇ ಬಿಟ್ಟು ಬಂದಿದ್ದೆ.

ಶಾಂತಕ್ಕ ತನ್ನ ಒಡೆದ ಹೆಸರನ್ನು ನೋಡಿದಳು. ಈ ಸಲ ಯಾಕೆ ಚೂರು ಮಾಡಿದಿ ಎಂದು ಕೇಳಲಿಲ್ಲ. ಮಣೆ ಸರಿಸಿ ನನಗೆ ಕೂರಲು ಜಾಗ ಮಾಡಿದಳು.

“ಬರಿ ಅವಂಗ. ಈಗ ಬರಿ, ನನ್ನ ಮುಂದ.”

ಅವಳ ಒಲೆಯ ಪಕ್ಕದಲ್ಲೇ ಕೂತು ಬರೆದೆ. ಹನ್ನೆರಡೂ ಸರಿಯಾಗಿವೆ, ತಡವಾಗಿ ಹೇಳುತ್ತಿದ್ದೇನೆ, ತಪ್ಪು ನನ್ನದು. ಪಟ್ಟಿ ಮಾತ್ರ ಅರ್ಧದ್ದು, ಅದೂ ನನ್ನ ತಪ್ಪು. ಉಳಿದರ್ಧ ಈಗ ಕಳಿಸುತ್ತಿದ್ದೇನೆ. ಈ ಸಲ ಓದಲು ನಾನಿದ್ದೇನೆ, ನೀವು ಕರೆದಾಗಲೆಲ್ಲ ಇರುತ್ತೇನೆ. ಇಷ್ಟು ಬರೆದು ಕೆಳಗೆ ಒಂದೊಂದು ಸಾಲಿಗೆ ಒಂದೊಂದು ಹೆಸರು ಹಾಕುತ್ತ ಹೋದೆ. ಶಾಂತಕ್ಕ ಓಣಿಯ ಆ ತುದಿಯಿಂದ ಈ ತುದಿಯವರೆಗೆ ಹೇಳುತ್ತ ಹೋದಳು, ಒಡಪಿಲ್ಲದೆ, ಬರಿದೇ ಹೆಸರು. ಮೊದಲಿಗೆ ಅವಳದು. ಕೊನೆಗೆ ನನ್ನದು.